ಹೊಸಬರ ಲಿನಕ್ಸ್ ಡೆಸ್ಕ್‌ಟಾಪ್‌ಗೆ ಡೀಫಾಲ್ಟ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಲಿನಕ್ಸ್ ಡಿಸ್ಟ್ರೋ (ಉಬುಂಟು, ಮಿಂಟ್, ಡೆಬಿಯನ್, ಫೆಡೋರಾದಂಥ ಸಿದ್ಧ ಲಿನಕ್ಸ್ ಸಿಸ್ಟಂ) ಕಟ್ಟುವ ತಂಡಗಳಿಗೆ, ಶಾಲೆಗೋ ಗ್ರಂಥಾಲಯಕ್ಕೋ ಹತ್ತಿಪ್ಪತ್ತು ಕಂಪ್ಯೂಟರ್ ಸಜ್ಜು ಮಾಡಿಕೊಡುವವರಿಗೆ, ಮನೆಯವರ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಟ್ಟು ಆಮೇಲೆ ಫೋನಿನಲ್ಲಿ ಉತ್ತರ ಹೇಳುತ್ತಾ ಕೂರುವವರಿಗೆ ಇದನ್ನು ಬರೆದಿದ್ದೇನೆ. ಕೆಲವು ಉತ್ತರ ಉದ್ದವಿವೆ, ಕೆಲವು ಎರಡೇ ಸಾಲು. ಜಗಳ ಜಾಸ್ತಿ ಆಗುವ ಕಡೆ ಮಾತೂ ಜಾಸ್ತಿ.

## ಡೀಫಾಲ್ಟ್ ಅಂದರೆ ಏನು? ಅದಕ್ಕೆ ಇಷ್ಟೊಂದು ತಲೆಬಿಸಿ ಯಾಕೆ?

ಯಾರೂ ಏನೂ ಮುಟ್ಟದಿದ್ದಾಗ ಕಂಪ್ಯೂಟರ್ ಹೇಗೆ ನಡೆದುಕೊಳ್ಳುತ್ತದೋ ಅದೇ ಡೀಫಾಲ್ಟ್. ಪ್ಯಾನೆಲ್ (ಮೆನು, ಗಡಿಯಾರ ಇರುವ ಪಟ್ಟಿ) ಮೇಲಿರಬೇಕೋ ಕೆಳಗಿರಬೇಕೋ, ಫೈಲ್ ತೆರೆಯಲು ಒಂದು ಕ್ಲಿಕ್ಕೋ ಎರಡೋ, ಎಷ್ಟು ನಿಮಿಷಕ್ಕೆ ಪರದೆ ಆರಬೇಕು, ಹಾಡಿನ ಫೈಲ್ ಒತ್ತಿದರೆ ಯಾವ ಪ್ಲೇಯರ್ ಏಳಬೇಕು, ಇವೆಲ್ಲ ಅದರಲ್ಲಿ ಬರುತ್ತವೆ.

ಪಳಗಿದವರಿಗೆ ಇದು ಹತ್ತು ನಿಮಿಷದ ಕೆಲಸ. ಇನ್‌ಸ್ಟಾಲ್ ಆದ ಕೂಡಲೇ ಸೆಟ್ಟಿಂಗ್ಸ್ ತೆರೆದು ತಮಗೆ ಬೇಕಾದಂತೆ ತಿರುವಿಕೊಳ್ಳುತ್ತಾರೆ. ಹೊಸಬರು ಹಾಗಲ್ಲ. ಅವರ ಮಟ್ಟಿಗೆ ಡೀಫಾಲ್ಟ್ ಬೇರೆ, ಲಿನಕ್ಸ್ ಬೇರೆ ಅಲ್ಲ. ಟಚ್‌ಪ್ಯಾಡ್ ತಟ್ಟಿದರೆ ಕ್ಲಿಕ್ ಆಗದಿದ್ದರೆ ಅವರು ‘ಈ ಆಯ್ಕೆ ಆಫ್ ಆಗಿದೆ’ ಅಂದುಕೊಳ್ಳುವುದಿಲ್ಲ. ‘ಲಿನಕ್ಸ್‌ನಲ್ಲಿ ಟಚ್‌ಪ್ಯಾಡ್ ಕೆಲಸ ಮಾಡಲ್ಲ’ ಅಂದುಕೊಳ್ಳುತ್ತಾರೆ. ಎರಡನೇ ಮಾತು ಬೇಗ ಹಬ್ಬುತ್ತದೆ.

## ಬೇಕಾದವರು ಬದಲಿಸಿಕೊಳ್ಳಲಿ ಬಿಡಿ. ಸ್ವಾತಂತ್ರ್ಯ ಇದೆಯಲ್ಲ?

ಇದೆ. ಆದರೆ ಬದಲಿಸಬೇಕಾದರೆ ಮೊದಲು ಅಂಥದ್ದೊಂದು ಆಯ್ಕೆ ಇದೆ ಎಂದು ಗೊತ್ತಿರಬೇಕು. ಅದರ ಹೆಸರು ಗೊತ್ತಿರಬೇಕು, ಎಲ್ಲಿದೆ ಎಂದು ಗೊತ್ತಿರಬೇಕು, ಮುಟ್ಟಿದರೆ ಏನೂ ಕೆಡುವುದಿಲ್ಲ ಎಂಬ ಧೈರ್ಯವೂ ಬೇಕು. ಹೊಸಬರ ಹತ್ತಿರ ಈ ನಾಲ್ಕರಲ್ಲಿ ಒಂದೂ ಇರುವುದಿಲ್ಲ. ‘ಕಾಂಪೊಸಿಟರ್’ ಎಂಬ ಪದವೇ ಕೇಳಿರದವರು ಅದರ ಸೆಟ್ಟಿಂಗ್ ಹುಡುಕುವುದು ಹೇಗೆ?

ಹಾಗಾಗಿ ನಾನು ಪಾಲಿಸುವ ಲೆಕ್ಕ ಇಷ್ಟೇ: ಎರಡು ಆಯ್ಕೆಗಳ ನಡುವೆ ಜಗಳ ಬಂದರೆ, ಯಾರಿಗೆ ಬದಲಿಸಿಕೊಳ್ಳುವುದು ಕಷ್ಟವೋ ಅವರ ಪರ ನಿಲ್ಲುವುದು. ಪಳಗಿದವರು ಒಂದು ಸಲ ಗೊಣಗಿ ಬದಲಿಸಿಕೊಳ್ಳುತ್ತಾರೆ. ಅವರ ಗೊಣಗಾಟ ನಮಗೆ ಕೇಳಿಸುತ್ತದೆ. ಹೊಸಬರು ಏನೂ ಹೇಳದೆ ಹಳೆಯ ಸಿಸ್ಟಂಗೆ ವಾಪಸ್ ಹೋಗುತ್ತಾರೆ. ತಂಡಗಳು ತಪ್ಪು ದಾರಿ ಹಿಡಿಯುವುದೂ ಇಲ್ಲೇ. ಕೇಳಿಸಿದ ಗೊಣಗಾಟವನ್ನೇ ಎಲ್ಲರ ಅಭಿಪ್ರಾಯ ಅಂದುಕೊಂಡುಬಿಡುತ್ತವೆ.

## ಹಾಗಾದರೆ ಎಲ್ಲವನ್ನೂ ಇನ್‌ಸ್ಟಾಲ್ ಮಾಡುವಾಗಲೇ ಕೇಳಿಬಿಡಬಹುದಲ್ಲ?

ಬೇಡ. ಪ್ರಶ್ನೆ ಕೇಳುವುದು ಎಷ್ಟೋ ಸಲ ನಮ್ಮ ತಲೆನೋವನ್ನು ಅವರ ತಲೆಗೆ ದಾಟಿಸುವ ಉಪಾಯ. ಭಾಷೆ, ಕೀಲಿಮಣೆ, ಸಮಯವಲಯ, ಹೆಸರು, ಪಾಸ್‌ವರ್ಡ್, ಡಿಸ್ಕನ್ನು ಏನು ಮಾಡಬೇಕು, ಇಷ್ಟು ಕೇಳಲೇಬೇಕು. ಇವು ಅವರಿಗೆ ಮಾತ್ರ ಗೊತ್ತಿರುವ ಸಂಗತಿಗಳು. ‘ಬೂಟ್‌ಲೋಡರ್ ಎಲ್ಲಿ ಹಾಕಲಿ?’ ಎಂಬುದು ನಮಗೆ ಗೊತ್ತಿರಬೇಕಾದ ಸಂಗತಿ.

## ಯಾವ ಡೆಸ್ಕ್‌ಟಾಪ್ ಕೊಡಬೇಕು? ಗ್ನೋಮ್, ಕೆಡಿಇ, ಸಿನಮನ್, ಎಕ್ಸ್‌ಎಫ್‌ಸಿಇ?

ಡೆಸ್ಕ್‌ಟಾಪ್ ಅಂದರೆ ಇಲ್ಲಿ ಪ್ಯಾನೆಲ್, ಮೆನು, ಕಿಟಕಿ ಎಲ್ಲ ಸೇರಿದ ಪರದೆಯ ವ್ಯವಸ್ಥೆ. ಈ ಪ್ರಶ್ನೆಗೆ ಸುಮಾರು ಮೂವತ್ತು ವರ್ಷ ವಯಸ್ಸು. ಕೆಡಿಇ ಮತ್ತು ಎಕ್ಸ್‌ಎಫ್‌ಸಿಇ ಶುರುವಾದದ್ದು 1996ರಲ್ಲಿ, ಗ್ನೋಮ್ 1997ರಲ್ಲಿ. ಆಗಿನಿಂದ ಜಗಳ ನಿಂತಿಲ್ಲ. ನಾನೂ ಒಂದು ಕೈ ನೋಡಿಬಿಡುತ್ತೇನೆ.

ಗ್ನೋಮ್ ಅಚ್ಚುಕಟ್ಟಾಗಿದೆ, ಆಯ್ಕೆಗಳು ಕಡಿಮೆ, ಕಣ್ಣಿಗೆ ಗಲಾಟೆ ಇಲ್ಲ. ಆದರೆ ಅದರ ಮೂಲ ರೂಪದಲ್ಲಿ ಕಿಟಕಿಗೆ ಮಿನಿಮೈಸ್ ಬಟನ್ ಇಲ್ಲ, ಯಾವಾಗಲೂ ಕಾಣುವ ಡಾಕ್ (ಅಪ್ಲಿಕೇಷನ್ ಐಕಾನ್‌ಗಳ ಸಾಲು) ಇಲ್ಲ. 2018ರ 3.28 ಆವೃತ್ತಿಯಿಂದ ಡೆಸ್ಕ್‌ಟಾಪ್ ಮೇಲೆ ಐಕಾನ್ ಇಡುವ ಸೌಲಭ್ಯವನ್ನೂ ತೆಗೆದುಹಾಕಿದರು. ಬೇರೆ ಸಿಸ್ಟಂನಿಂದ ಬಂದವರು ಖಾಲಿ ಪರದೆ ನೋಡಿ ‘ಈಗ ಏನು ಮಾಡಲಿ?’ ಎನ್ನುತ್ತಾರೆ. ಉಬುಂಟು ಗ್ನೋಮ್ ಬಳಸುತ್ತದೆ, ಆದರೆ ಎಡಕ್ಕೆ ಡಾಕ್ ಸೇರಿಸಿ, ಬಟನ್‌ಗಳನ್ನು ಉಳಿಸಿ, ಡೆಸ್ಕ್‌ಟಾಪ್ ಐಕಾನ್‌ಗಳನ್ನು ಎಕ್ಸ್‌ಟೆನ್ಷನ್ ಮೂಲಕ ವಾಪಸ್ ತಂದು ಕೊಡುತ್ತದೆ. ಗ್ನೋಮ್ ಕೊಡುವುದಾದರೆ ನಾನೂ ಅದೇ ದಾರಿ ಹಿಡಿಯುತ್ತೇನೆ.

ಕೆಡಿಇ ಪ್ಲಾಸ್ಮಾ ಕೆಳಗೆ ಪ್ಯಾನೆಲ್, ಮೂಲೆಯಲ್ಲಿ ಮೆನು ಇಟ್ಟಿದೆ. ಮೊದಲ ಐದು ನಿಮಿಷ ಯಾರಿಗೂ ಕಷ್ಟವಿಲ್ಲ. ಕಷ್ಟ ಬರುವುದು ಆಮೇಲೆ. ಪ್ಯಾನೆಲ್ ಮೇಲೆ ಬಲ ಕ್ಲಿಕ್ ಮಾಡಿ ಏನೋ ಒತ್ತಿದರೆ ಗಡಿಯಾರವೇ ಮಾಯ. ವಾಪಸ್ ತರುವುದು ಹೇಗೆಂದು ಹೊಸಬರಿಗೆ ಹೊಳೆಯುವುದಿಲ್ಲ. ಪ್ಲಾಸ್ಮಾ ಕೊಡುವವರು ‘ಪ್ಯಾನೆಲನ್ನು ಮೊದಲಿನಂತೆ ಮಾಡು’ ಎಂಬ ದಾರಿಯೊಂದನ್ನು ಸ್ವಾಗತ ಪರದೆಯಲ್ಲಿ ಕಾಣುವಂತೆ ಇಟ್ಟರೆ ಅರ್ಧ ಫೋನ್ ಕರೆಗಳು ತಪ್ಪುತ್ತವೆ.

ಲಿನಕ್ಸ್ ಮಿಂಟ್ ತಂಡ ಕಟ್ಟಿದ ಸಿನಮನ್ ಹೊಸಬರ ಮಟ್ಟಿಗೆ ಇವತ್ತಿಗೂ ನನ್ನ ಮೊದಲ ಸಲಹೆ. ಅದರಲ್ಲಿ ಬೆರಗು ಹುಟ್ಟಿಸುವಂಥದ್ದೇನೂ ಇಲ್ಲ. ಅದೇ ಅದರ ಗುಣ. ಹಳೆಯ, ಮೆಮೊರಿ ಕಡಿಮೆ ಇರುವ ಕಂಪ್ಯೂಟರ್ ಆದರೆ ಎಕ್ಸ್‌ಎಫ್‌ಸಿಇ ಕೊಡಿ.

ಎಲ್ಲಕ್ಕಿಂತ ಮುಖ್ಯ: ಯಾವುದನ್ನೇ ಆರಿಸಿ, ಒಂದನ್ನೇ ಆರಿಸಿ. ಲಾಗಿನ್ ಪರದೆಯ ಮೂಲೆಯಲ್ಲಿ ಆರು ಸೆಷನ್‌ಗಳ ಪಟ್ಟಿ ಇಟ್ಟರೆ ಯಾರೋ ಒಬ್ಬರು ಗೊತ್ತಿಲ್ಲದೆ ಇನ್ನೊಂದನ್ನು ಒತ್ತುತ್ತಾರೆ. ಮರುದಿನ ‘ನನ್ನ ಕಂಪ್ಯೂಟರ್ ಬೇರೆ ಆಗಿಬಿಟ್ಟಿದೆ’ ಎಂದು ಫೋನ್ ಬರುತ್ತದೆ.

## ವಿಂಡೋಸ್ ಥರಾನೇ ಕಾಣುವಂತೆ ಮಾಡಿಬಿಟ್ಟರೆ ಸುಲಭ ಅಲ್ವಾ?

ಕೈಗೆ ರೂಢಿಯಾದದ್ದನ್ನು ಉಳಿಸಿ. ಸೋಗು ಹಾಕಬೇಡಿ. ಈ ಎರಡಕ್ಕೂ ವ್ಯತ್ಯಾಸ ಇದೆ.

ಕಾಪಿ ಮಾಡಲು ಕಂಟ್ರೋಲ್ ಸಿ, ಕಿಟಕಿ ಬದಲಿಸಲು ಆಲ್ಟ್ ಟ್ಯಾಬ್, ಮುಚ್ಚುವ ಬಟನ್ ಬಲಗಡೆ ಮೇಲೆ, ಇವು ಬೆರಳಿಗೆ ಅಂಟಿದ ಅಭ್ಯಾಸಗಳು. ಇವನ್ನು ಬದಲಿಸಿ ನಮಗೆ ಸಿಗುವುದು ಏನೂ ಇಲ್ಲ. 2010ರಲ್ಲಿ ಉಬುಂಟು 10.04 ಕಿಟಕಿಯ ಬಟನ್‌ಗಳನ್ನು ಬಲದಿಂದ ಎಡಕ್ಕೆ ತಂದಿತು. ವರ್ಷಗಟ್ಟಲೆ ಅದೇ ಮಾತು, ಅದೇ ಜಗಳ. 2017ರ 17.10ರಲ್ಲಿ ಯೂನಿಟಿ ಡೆಸ್ಕ್‌ಟಾಪ್ ಬಿಟ್ಟು ಗ್ನೋಮ್‌ಗೆ ಮರಳಿದಾಗ ಬಟನ್‌ಗಳೂ ಬಲಕ್ಕೆ ಮರಳಿದವು. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ಹೊರಗಿನಿಂದ ನೋಡಿದವರಿಗೆ ಅದು ಹಾಗೇ ಕಂಡಿತು.

ಸೋಗು ಹಾಕುವುದು ಅಂದರೆ ಅದೇ ಐಕಾನ್, ಅದೇ ಬಣ್ಣ, ಅದೇ ಮೆನು. ಹಾಗೆ ಮಾಡಿದರೆ ಬಳಸುವವರು ಒಳಗೂ ಅದೇ ಇದೆ ಎಂದು ನಂಬುತ್ತಾರೆ. ಜಾಲತಾಣದಿಂದ ವಿಂಡೋಸ್‌ಗೆಂದೇ ಮಾಡಿದ ಇಎಕ್ಸ್‌ಇ ಫೈಲ್ ಇಳಿಸಿಕೊಂಡು ಎರಡು ಸಲ ಒತ್ತುತ್ತಾರೆ. ಏನೂ ಆಗುವುದಿಲ್ಲ. ಆಗ ಅವರಿಗೆ ಮೋಸ ಹೋದಂತೆ ಅನಿಸುತ್ತದೆ, ಅದು ಸಹಜ. ‘ಇದು ಬೇರೆ, ಆದರೆ ನಿಮ್ಮ ಕೈಗೆ ಹೊಂದುತ್ತದೆ’ ಎಂದು ನೋಟದಲ್ಲೇ ಹೇಳುವುದು ಒಳ್ಳೆಯದು.

## ಒಂದು ಕ್ಲಿಕ್ಕೋ ಎರಡೋ?

ಎರಡು. ಇದರ ಬಗ್ಗೆ ಕೆಡಿಇ ಜನ ವರ್ಷಗಟ್ಟಲೆ ಒಂದು ಕ್ಲಿಕ್ಕಿನ ಪರ ನಿಂತಿದ್ದರು. ಅವರ ವಾದದಲ್ಲಿ ಹುರುಳಿತ್ತು: ವೆಬ್‌ನಲ್ಲಿ ಒಂದೇ ಕ್ಲಿಕ್, ಫೋನಿನಲ್ಲಿ ಒಂದೇ ತಟ್ಟು, ಫೈಲಿಗೆ ಮಾತ್ರ ಯಾಕೆ ಎರಡು? ವಯಸ್ಸಾದವರಿಗೆ ಎರಡು ಸಲ ಬೇಗ ಒತ್ತುವುದು ಕಷ್ಟವೂ ಹೌದು. ಆದರೆ ಬೇರೆ ಕಡೆಯಿಂದ ಬಂದವರು ಫೈಲನ್ನು ಆರಿಸಲು ಹೋಗಿ ತೆರೆದುಬಿಡುತ್ತಿದ್ದರು. ಅಭ್ಯಾಸಬಲದಿಂದ ಎರಡು ಸಲ ಒತ್ತಿ ಅದೇ ಫೈಲನ್ನು ಎರಡು ಸಲ ತೆರೆಯುತ್ತಿದ್ದರು. ಕೊನೆಗೆ 2024ರ ಫೆಬ್ರವರಿಯಲ್ಲಿ ಬಂದ ಪ್ಲಾಸ್ಮಾ 6ರಲ್ಲಿ ಎರಡು ಕ್ಲಿಕ್ಕೇ ಡೀಫಾಲ್ಟ್ ಆಯಿತು.

ಎರಡು ಕ್ಲಿಕ್ ಮೇಲು ಎಂದು ನಾನು ಹೇಳುತ್ತಿಲ್ಲ. ಬಂದವರ ಕೈಗೆ ಅದೇ ಗೊತ್ತು, ಅಷ್ಟೇ. ಹಾಗೆಯೇ 2004ರಲ್ಲಿ ಗ್ನೋಮ್ 2.6 ಪ್ರತಿ ಫೋಲ್ಡರನ್ನೂ ಹೊಸ ಕಿಟಕಿಯಲ್ಲಿ ತೆರೆಯುವ ಕ್ರಮ ತಂದಿತ್ತು. ಹಿಂದೆ ಒಳ್ಳೆಯ ವಿಚಾರವೇ ಇತ್ತು: ಪ್ರತಿ ಫೋಲ್ಡರಿಗೂ ತನ್ನದೇ ಜಾಗ, ತನ್ನದೇ ಗಾತ್ರ. ಏಳು ಫೋಲ್ಡರ್ ಒಳಗೆ ಹೋದರೆ ಏಳು ಕಿಟಕಿ. ಕೆಲವು ಡಿಸ್ಟ್ರೋಗಳು ತಾವೇ ಅದನ್ನು ತಿರುಗಿಸಿದವು. 2010ರ 2.30ರಲ್ಲಿ ಗ್ನೋಮ್ ಕೂಡ ಕೈಬಿಟ್ಟಿತು.

## ಟಚ್‌ಪ್ಯಾಡ್?

ತಟ್ಟಿದರೆ ಕ್ಲಿಕ್ ಆಗಲಿ. ಎರಡು ಬೆರಳಲ್ಲಿ ತಟ್ಟಿದರೆ ಬಲ ಕ್ಲಿಕ್ ಆಗಲಿ. ಟೈಪ್ ಮಾಡುವಾಗ ಅಂಗೈ ತಾಗಿದರೆ ಸುಮ್ಮನಿರಲಿ. ಗ್ನೋಮ್ ತಟ್ಟುವ ಕ್ಲಿಕ್ಕನ್ನು ಡೀಫಾಲ್ಟ್ ಮಾಡಿದ್ದು 2024ರ 46ನೇ ಆವೃತ್ತಿಯಲ್ಲಿ. ಅಷ್ಟು ತಡ ಯಾಕೆ ಎಂದು ಕೇಳಬೇಡಿ.

ಮೌಸಿನ ನಡು ಬಟನ್ ಒತ್ತಿದರೆ ಆರಿಸಿದ ಪಠ್ಯ ಅಂಟುವ ಹಳೆಯ ಯೂನಿಕ್ಸ್ ಅಭ್ಯಾಸವೂ ಇಲ್ಲೇ ಬರುತ್ತದೆ. ನನಗೆ ಅದು ಪ್ರಾಣ. ಆದರೆ ಹೊಸಬರು ಪುಟ ಉರುಳಿಸಲು ಹೋಗಿ ಚಕ್ರ ಒತ್ತಿದಾಗ, ಎಲ್ಲಿಂದಲೋ ಒಂದು ಪ್ಯಾರಾ ಬಂದು ಅವರ ಪತ್ರದ ನಡುವೆ ಬೀಳುತ್ತದೆ. ಬೇಕಾದವರು ಆನ್ ಮಾಡಿಕೊಳ್ಳಲಿ. ನಾನೂ ಆ ಬೇಕಾದವರಲ್ಲಿ ಒಬ್ಬ.

## ಎಷ್ಟು ಅಪ್ಲಿಕೇಷನ್ ತುಂಬಿ ಕೊಡಬೇಕು?

ಒಂದು ಕೆಲಸಕ್ಕೆ ಒಂದು. 2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಗ್ನೋಮ್ 1.4 ಅನ್ನು ಸಾಮಾನ್ಯ ಬಳಕೆದಾರರ ಮುಂದಿಟ್ಟು ಪರೀಕ್ಷೆ ಮಾಡಿತ್ತು. ಪ್ಯಾನೆಲ್‌ಗೆ ಗಡಿಯಾರ ಸೇರಿಸಲು ಹೋದವರಿಗೆ ಒಂದಲ್ಲ, ಹಲವು ಗಡಿಯಾರಗಳ ಪಟ್ಟಿ ಕಂಡಿತು. ಯಾವುದು ಯಾಕೆ ಎಂದು ಗೊತ್ತಾಗದೆ ಜನ ತಬ್ಬಿಬ್ಬಾದರು. ಮರುವರ್ಷ ಬಂದ ಗ್ನೋಮ್ 2.0 ಆಯ್ಕೆಗಳನ್ನು ಕತ್ತರಿಸಿ ಹಗುರಾಗಿಸಿತು. ಅದಕ್ಕಾಗಿ ಬೈಗುಳವನ್ನೂ ತಿಂದಿತು. ಆಮೇಲೆ 2011ರಲ್ಲಿ ಗ್ನೋಮ್ 3 ಬಂದಾಗ, ಹಿಂದೆ ಬೈಸಿಕೊಂಡ ಅದೇ ಗ್ನೋಮ್ 2 ಬೇಕೆಂದು ಜನ ಮಾಟೆ ಡೆಸ್ಕ್‌ಟಾಪ್ ಕಟ್ಟಿಕೊಂಡರು. ಡೀಫಾಲ್ಟ್ ವ್ಯವಹಾರದಲ್ಲಿ ಇಂಥ ತಮಾಷೆ ಬೇಕಾದಷ್ಟು.

ಬ್ರೌಸರ್, ಆಫೀಸ್, ಚಿತ್ರ ನೋಡಲು ಒಂದು, ಹಾಡು ಮತ್ತು ವಿಡಿಯೋಗೆ ಒಂದೊಂದು, ಪಿಡಿಎಫ್, ಕ್ಯಾಲ್ಕುಲೇಟರ್, ಪ್ರಿಂಟರ್ ಮತ್ತು ಸ್ಕ್ಯಾನರ್ ಉಪಕರಣ. ಸಾಕು. ಮೆನುವಿನಲ್ಲಿ ಹೆಸರಿಗಿಂತ ಕೆಲಸ ಮುಂದೆ ಬರಲಿ. ‘ಎವಿನ್ಸ್’ ಎಂದು ಬರೆದರೆ ಅದು ಪಿಡಿಎಫ್ ಓದುವ ಸಾಧನ ಎಂದು ಹೊಸಬರು ಹೇಗೆ ಊಹಿಸಬೇಕು? ‘ಡಾಕ್ಯುಮೆಂಟ್ ವ್ಯೂವರ್’ ಎಂದರೆ ಗೊತ್ತಾಗುತ್ತದೆ. ಫೈರ್‌ಫಾಕ್ಸ್ ಮಾತ್ರ ಹೆಸರಿನಿಂದಲೇ ಗೊತ್ತು, ಅದನ್ನು ಹಾಗೇ ಬಿಡಿ.

## ಲಿಬ್ರೆಆಫೀಸ್ ಯಾವ ಫಾರ್ಮ್ಯಾಟಿನಲ್ಲಿ ಉಳಿಸಬೇಕು?

ಮನಸ್ಸು ಓಡಿಟಿ ಎನ್ನುತ್ತದೆ. ಅದು ಮುಕ್ತ ಫಾರ್ಮ್ಯಾಟ್, ಲಿಬ್ರೆಆಫೀಸಿನ ಸ್ವಂತ ಡೀಫಾಲ್ಟ್ ಕೂಡ. ಆದರೆ ಬರೆದದ್ದನ್ನೆಲ್ಲ ಡಾಕ್ಸ್ (ಮೈಕ್ರೋಸಾಫ್ಟ್ ವರ್ಡ್‌ನ ಫಾರ್ಮ್ಯಾಟ್) ಕೇಳುವವರಿಗೇ ಕಳಿಸಬೇಕಾದ ಜಾಗಗಳಿಗೆ ನಾನು ಡಾಕ್ಸ್ ಇಟ್ಟುಕೊಟ್ಟಿದ್ದೇನೆ. ‘ಫೈಲ್ ತೆರೆಯುತ್ತಿಲ್ಲ’ ಎಂಬ ಉತ್ತರ ಎರಡು ಸಲ ಬಂದರೆ ಹೊಸಬರು ಬಿಡುವುದು ಫಾರ್ಮ್ಯಾಟನ್ನಲ್ಲ, ಲಿಬ್ರೆಆಫೀಸನ್ನೇ.

ಇದಕ್ಕಿಂತ ಮುಖ್ಯವಾದದ್ದು ಫಾಂಟ್. ಬೇರೆಯವರು ಕ್ಯಾಲಿಬ್ರಿಯಲ್ಲಿ ಬರೆದ ಕಡತ ನಮ್ಮಲ್ಲಿ ತೆರೆದಾಗ ಸಾಲುಗಳು ಜಾರಿ ಒಂದು ಪುಟದ್ದು ಎರಡು ಪುಟವಾಗುತ್ತದೆ. ಕಾರ್ಲಿಟೊ ಫಾಂಟ್‌ನ ಅಕ್ಷರಗಳಿಗೆ ಕ್ಯಾಲಿಬ್ರಿಯದೇ ಅಗಲ ಇದೆ, ಕ್ಯಾಲಡಿಯಾ ಫಾಂಟಿಗೆ ಕೇಂಬ್ರಿಯಾದ್ದು, ಲಿಬರೇಷನ್ ಸ್ಯಾನ್ಸ್‌ಗೆ ಏರಿಯಲ್‌ನದ್ದು. ಇವು ಮೂರೂ ಮೊದಲೇ ಇದ್ದರೆ ಪುಟ ನೆಟ್ಟಗಿರುತ್ತದೆ. ಯಾರೂ ಧನ್ಯವಾದ ಹೇಳುವುದಿಲ್ಲ. ಇರಲಿ, ದೂರೂ ಬರುವುದಿಲ್ಲವಲ್ಲ.

## ಮುಕ್ತವಲ್ಲದ ಡ್ರೈವರ್, ಕೋಡೆಕ್ ಸೇರಿಸುವುದು ತತ್ವಕ್ಕೆ ವಿರೋಧ ಅಲ್ವಾ?

ಇದು ನಿಜವಾಗಿಯೂ ಕಷ್ಟದ ಪ್ರಶ್ನೆ. ತಂತ್ರಾಂಶದ ಮೂಲ ಎಲ್ಲರಿಗೂ ಮುಕ್ತವಾಗಿರಬೇಕು ಎಂಬ ತತ್ವದ ಮಾತು ಆಡುವವರನ್ನು ನಾನು ಹಗುರ ಮಾಡುವುದಿಲ್ಲ. ಅವರಿಲ್ಲದಿದ್ದರೆ ಈ ಸಿಸ್ಟಂಗಳೇ ಇರುತ್ತಿರಲಿಲ್ಲ.

ಡೆಬಿಯನ್ ಇದನ್ನು ಹೇಗೆ ಬಗೆಹರಿಸಿತು ನೋಡಿ. ಅದರ ಅಧಿಕೃತ ಇನ್‌ಸ್ಟಾಲರಿನಲ್ಲಿ ಮುಕ್ತವಲ್ಲದ ಫರ್ಮ್‌ವೇರ್ (ವೈಫೈಯಂಥ ಯಂತ್ರಭಾಗವನ್ನು ನಡೆಸುವ ಒಳ ತಂತ್ರಾಂಶ) ಇರುತ್ತಿರಲಿಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದಿಲ್ಲದೆ ವೈಫೈ ಏಳುತ್ತಿರಲಿಲ್ಲ. ವೈಫೈ ಇಲ್ಲದೆ ಫರ್ಮ್‌ವೇರ್ ಇಳಿಸಿಕೊಳ್ಳುವ ದಾರಿಯೂ ಇಲ್ಲ. ಫರ್ಮ್‌ವೇರ್ ಸೇರಿಸಿದ ಅನಧಿಕೃತ ಪ್ರತಿ ಬೇರೆ ಕಡೆ ಇತ್ತು, ಆದರೆ ಅದು ಬಲ್ಲವರಿಗೆ ಮಾತ್ರ ಗೊತ್ತು. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ, ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರಿಗೇ ಸೇರಿಸಲು ಒಪ್ಪಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12 ಹಾಗೇ ಬಂತು. ಅದಕ್ಕಾಗಿ ಬೇರೆಯದೇ ವಿಭಾಗ ಮಾಡಿದ್ದಾರೆ. ಬೇಡ ಎನ್ನುವವರು ಬಿಡಬಹುದು.

ನನಗೆ ಸರಿ ಕಂಡದ್ದು ಇದೇ. ಫರ್ಮ್‌ವೇರ್ ಇಲ್ಲದಿದ್ದರೆ ಕಂಪ್ಯೂಟರೇ ನಡೆಯುವುದಿಲ್ಲ, ಆದ್ದರಿಂದ ಇರಲಿ. ಆದರೆ ಇದೆ ಎಂದು ಹೇಳಿ ಕೊಡಿ, ಬಚ್ಚಿಡಬೇಡಿ. ಕೋಡೆಕ್ (ಹಾಡು, ವಿಡಿಯೋ ಫೈಲನ್ನು ಬಿಡಿಸಿ ಆಡಿಸುವ ತಂತ್ರಾಂಶ) ವಿಷಯಕ್ಕೆ ಉಬುಂಟು ಮತ್ತು ಮಿಂಟ್ ಇನ್‌ಸ್ಟಾಲರುಗಳ ಹಾಗೆ ಒಂದು ಟಿಕ್ ಪೆಟ್ಟಿಗೆ ಸಾಕು. ಮೊದಲೆಲ್ಲ ಎಂಪಿ3 ಹಾಡು ಕೇಳಲೂ ಈ ಗೋಳಿತ್ತು. 2017ರಲ್ಲಿ ಅದರ ಪೇಟೆಂಟ್ ಪರವಾನಗಿ ಕೊಡುವ ಏರ್ಪಾಟು ಮುಗಿದ ಮೇಲೆ ಅದೊಂದು ತಲೆನೋವು ಹೋಯಿತು.

## ಟರ್ಮಿನಲ್ ಹೊಸಬರಿಗೆ ಬೇಕಾ?

ಟರ್ಮಿನಲ್ ಅಂದರೆ ಆದೇಶ ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿ. ಕಣ್ಣಿಗೆ ಬೀಳದ ಕಡೆ ಇರಲಿ, ಆದರೆ ಇರಲಿ. ಸಹಾಯ ಮಾಡುವವರು ‘ಈ ಸಾಲನ್ನು ಹಾಕಿ’ ಎನ್ನುವುದು ಹೇಗೂ ತಪ್ಪುವುದಿಲ್ಲ. ಆಗ ಎರಡು ಕಡೆ ಜನ ಎಡವುತ್ತಾರೆ.

ಒಂದು, ಪಾಸ್‌ವರ್ಡ್. ನಿರ್ವಾಹಕರ ಅಧಿಕಾರದಲ್ಲಿ ಆದೇಶ ನಡೆಸುವ ಸುಡೊ ಕೇಳಿದಾಗ ಟೈಪ್ ಮಾಡಿದರೆ ಎಷ್ಟೋ ಕಡೆ ಪರದೆಯಲ್ಲಿ ಏನೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿದೆ ಎಂದು ತಿಳಿದು ಕೇಬಲ್ ಕಿತ್ತು ಹಾಕಿದವರನ್ನು ನಾನೇ ನೋಡಿದ್ದೇನೆ. ಲಿನಕ್ಸ್ ಮಿಂಟ್ ನಕ್ಷತ್ರ ಗುರುತು ತೋರಿಸುತ್ತದೆ. ಪಾಸ್‌ವರ್ಡ್ ಎಷ್ಟು ಉದ್ದವಿದೆ ಎಂದು ಪಕ್ಕದವರಿಗೆ ತಿಳಿಯುತ್ತದೆ ಎಂಬ ಆಕ್ಷೇಪ ಸರಿಯೇ. ಆದರೆ ಲಾಗಿನ್ ಪರದೆಯಲ್ಲಿ ಚುಕ್ಕೆಗಳನ್ನು ತೋರಿಸಿಯೇ ತೋರಿಸುತ್ತೇವಲ್ಲ.

ಎರಡು, ಎಡಿಟರ್. ವಿಮ್ ತೆರೆದುಕೊಂಡರೆ ಹೊರಗೆ ಬರುವ ದಾರಿ ಗೊತ್ತಾಗುವುದಿಲ್ಲ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋನಲ್ಲಿ ‘ವಿಮ್‌ನಿಂದ ಹೊರಬರುವುದು ಹೇಗೆ’ ಎಂಬ ಪ್ರಶ್ನೆಯನ್ನು 2017ರ ಹೊತ್ತಿಗೇ 10 ಲಕ್ಷಕ್ಕೂ ಜಾಸ್ತಿ ಸಲ ನೋಡಿದ್ದರು. ಫೆಡೋರಾ 2020ರ 33ನೇ ಆವೃತ್ತಿಯಲ್ಲಿ ನ್ಯಾನೊ ಎಡಿಟರನ್ನು ಡೀಫಾಲ್ಟ್ ಮಾಡಿತು. ಹೊರಬರುವ ಕೀಲಿಯನ್ನು ಅದು ಪರದೆಯ ಕೆಳಗೇ ಬರೆದಿಟ್ಟಿರುತ್ತದೆ.

## ಅಪ್‌ಡೇಟ್ ತಾನಾಗಿಯೇ ಆಗಲೋ, ಕೇಳಿ ಆಗಲೋ?

ಭದ್ರತೆಯ ಅಪ್‌ಡೇಟ್ ತಾನಾಗಿಯೇ ಆಗಲಿ. ಆದರೆ ಕೆಲಸದ ನಡುವೆ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗಬಾರದು. ಹೊಸ ಆವೃತ್ತಿಗೆ ಏರುವ ದೊಡ್ಡ ಬದಲಾವಣೆಯನ್ನು ಕೇಳಿಯೇ ಮಾಡಬೇಕು.

ಅಪ್‌ಡೇಟ್ ಕೈಕೊಟ್ಟರೆ ಹಿಂದಕ್ಕೆ ಹೋಗುವ ದಾರಿಯನ್ನು ಮೊದಲ ದಿನವೇ ಹಾಕಿಡಿ. ಮಿಂಟ್ 2017ರ 18.3ರಿಂದ, ಸಿಸ್ಟಂನ ಸ್ಥಿತಿಯನ್ನು ಉಳಿಸಿಡುವ ಟೈಮ್‌ಶಿಫ್ಟ್ ಕೊಡುತ್ತಿದೆ. ಓಪನ್‌ಸೂಸೆ ಡಿಸ್ಟ್ರೋ ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯ ಮೇಲೆ ಸ್ನ್ಯಾಪರ್ ಎಂಬ ಅಂಥದ್ದೇ ಸಾಧನ ಇಟ್ಟು, ಬೂಟ್ ಮೆನುವಿನಿಂದಲೇ ಹಿಂದಿನ ಸ್ಥಿತಿಗೆ ಹೋಗಲು ಬಿಡುತ್ತದೆ. ಒಂದು ಎಚ್ಚರ: ಟೈಮ್‌ಶಿಫ್ಟ್ ಸಿಸ್ಟಂ ಫೈಲುಗಳನ್ನು ಕಾಪಾಡುತ್ತದೆಯೇ ಹೊರತು ನಿಮ್ಮ ಫೋಟೋಗಳನ್ನಲ್ಲ. ಈ ಮಾತನ್ನು ದೊಡ್ಡ ಅಕ್ಷರದಲ್ಲಿ ಹೇಳಿ. ಹೇಳದೆ ಬಿಟ್ಟು ನಾನೊಮ್ಮೆ ಒಬ್ಬರ ಎದುರು ತಲೆ ತಗ್ಗಿಸಿ ನಿಂತಿದ್ದೇನೆ.

## ಹೊಸ ತಂತ್ರಜ್ಞಾನವನ್ನು ಡೀಫಾಲ್ಟ್ ಮಾಡುವುದು ಯಾವಾಗ?

ಹಳೆಯದು ಮಾಡುತ್ತಿದ್ದ ಕೆಲಸವನ್ನೆಲ್ಲ ಹೊಸದೂ ಮಾಡಿದಾಗ. ಪರದೆಯಲ್ಲಿ ಕಿಟಕಿಗಳನ್ನು ಮೂಡಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಫೆಡೋರಾ 2016ರಲ್ಲೇ ಅದನ್ನು ಡೀಫಾಲ್ಟ್ ಮಾಡಿತು. ಅವರ ಬಳಕೆದಾರರು ಹೊಸದನ್ನು ಬಯಸಿಯೇ ಬಂದವರು, ಸರಿ. ಉಬುಂಟು 17.10ರಲ್ಲಿ ಮಾಡಿತು. ಆದರೆ ಐದು ವರ್ಷ ನಡೆಯಬೇಕಾದ 18.04ರಲ್ಲಿ ಹಿಂದಕ್ಕೆ ಸರಿಯಿತು. ಪರದೆ ಹಂಚಿಕೊಳ್ಳುವುದು, ದೂರದಿಂದ ಕಂಪ್ಯೂಟರ್ ನಡೆಸುವುದು ಆಗ ವೇಲ್ಯಾಂಡ್‌ನಲ್ಲಿ ನೆಟ್ಟಗಿರಲಿಲ್ಲ. 2021ರ 21.04ರಲ್ಲಿ ಮತ್ತೆ ಮುಂದಕ್ಕೆ ಹೋಯಿತು. ಹಿಂದೆ ಸರಿದದ್ದನ್ನು ಸೋಲು ಎಂದವರಿದ್ದರು. ನನಗೆ ಹಾಗನಿಸುವುದಿಲ್ಲ.

## ಬಳಕೆಯ ಮಾಹಿತಿ ಸಂಗ್ರಹಿಸಬಹುದಾ?

ಕೇಳಿ, ಒಪ್ಪಿದರೆ ಮಾತ್ರ. ಡೆಬಿಯನ್ ಇನ್‌ಸ್ಟಾಲರ್ ಯಾವ ಪ್ಯಾಕೇಜುಗಳನ್ನು ಬಳಸುತ್ತೀರಿ ಎಂಬ ಮಾಹಿತಿ ಕಳಿಸುತ್ತೀರಾ ಎಂದು ಕೇಳುತ್ತದೆ. ಮೊದಲೇ ಆರಿಸಿಟ್ಟ ಉತ್ತರ ‘ಇಲ್ಲ’. ಇದರಿಂದ ಬರುವ ಅಂಕಿ ಕಡಿಮೆ, ಆದರೆ ನಂಬಿಕೆ ಉಳಿಯುತ್ತದೆ.

ಇನ್ನೊಂದು ಕಡೆಯ ಪಾಠ 2012ರದ್ದು. ಉಬುಂಟು 12.10ರಲ್ಲಿ ಡೆಸ್ಕ್‌ಟಾಪ್‌ನ ಹುಡುಕು ಪೆಟ್ಟಿಗೆಯಲ್ಲಿ ಬರೆದದ್ದು ಜಾಲಕ್ಕೂ ಹೋಗಿ, ಅಂಗಡಿಯ ಸರಕು ಫಲಿತಾಂಶದಲ್ಲಿ ಬರುತ್ತಿತ್ತು. ಆಫ್ ಮಾಡುವ ಆಯ್ಕೆ ಇತ್ತು. ಆದರೆ ತನ್ನದೇ ಫೈಲ್ ಹುಡುಕುವಾಗ ಆ ಪದ ಹೊರಗೆ ಹೋಗುತ್ತದೆ ಎಂದು ಯಾರು ತಾನೇ ಊಹಿಸುತ್ತಾರೆ? ಮುಕ್ತ ತಂತ್ರಾಂಶ ಚಳವಳಿ ಶುರುಮಾಡಿದ ರಿಚರ್ಡ್ ಸ್ಟಾಲ್ಮನ್ ಅದನ್ನು ಬೇಹುಗಾರಿಕೆ ತಂತ್ರಾಂಶ ಎಂದೇ ಕರೆದರು. 16.04ರಲ್ಲಿ ಅದು ಡೀಫಾಲ್ಟ್ ಆಗಿ ಆಫ್ ಆಯಿತು.

## ಬೇರೆ ಲಿಪಿಯವರಿಗೆ ಏನು ಮಾಡಬೇಕು?

ಮೊದಲು ಫಾಂಟ್. ಅಕ್ಷರದ ಜಾಗದಲ್ಲಿ ಖಾಲಿ ಚೌಕ ಕಂಡರೆ ಮುಗಿಯಿತು. ಆ ಚೌಕಗಳಿಗೆ ‘ಟೋಫು’ ಎನ್ನುತ್ತಾರೆ. ನೋಟೊ ಫಾಂಟ್‌ಗೆ ಆ ಹೆಸರು ಬಂದದ್ದೇ ‘ನೋ ಟೋಫು’ ಎಂಬುದರಿಂದ. ಬಳಸುವವರು ಯಾವ ಭಾಷೆ ಆರಿಸಿದರೂ ಎಲ್ಲ ಲಿಪಿಗಳಿಗೂ ಒಂದೊಂದು ಫಾಂಟ್ ಇರಲಿ. ಕನ್ನಡದಂಥ ಲಿಪಿಗೆ ಇನ್ನೊಂದು ತೊಂದರೆ ಇದೆ: ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಇಂಗ್ಲಿಷ್ ಅಳತೆಗೆ ಮಾಡಿದ ಬಟನ್‌ನಲ್ಲಿ ಅದರ ಕಾಲು ಕತ್ತರಿಸಿಹೋಗುತ್ತದೆ. ಥೀಮ್ ಮಾಡುವವರು ಇಂಥ ಭಾಷೆಯಲ್ಲಿ ಒಮ್ಮೆ ತೆರೆದು ನೋಡಬೇಕು.

ಆಮೇಲೆ ಲಾಗಿನ್ ಪರದೆ. ಇಂಗ್ಲಿಷ್ ಅಕ್ಷರದಲ್ಲಿ ಪಾಸ್‌ವರ್ಡ್ ಕೊಟ್ಟಿರುತ್ತಾರೆ. ಕೀಲಿಮಣೆಯ ಮೊದಲ ಲೇಔಟ್ ಬೇರೆ ಲಿಪಿಯದ್ದಾದರೆ ಒಳಗೆ ಹೋಗಲಾಗುವುದಿಲ್ಲ, ಚುಕ್ಕೆಗಳಷ್ಟೇ ಕಾಣುವುದರಿಂದ ಯಾಕೆಂದೂ ತಿಳಿಯುವುದಿಲ್ಲ. ಇಂಗ್ಲಿಷ್ ಲೇಔಟ್ ಮೊದಲಿರಲಿ, ಎರಡನೆಯದು ಮನೆಮಾತಿನದ್ದು. ಈಗ ಯಾವುದಿದೆ ಎಂಬ ಗುರುತು ಲಾಗಿನ್ ಪರದೆಯಲ್ಲೂ ಕಾಣಲಿ.

## ಕಣ್ಣು ಕಾಣದವರು, ಕೈ ನಡುಗುವವರು?

ಇದಕ್ಕೆ ‘ಸೆಟ್ಟಿಂಗ್ಸ್‌ನಲ್ಲಿದೆ’ ಎಂಬ ಉತ್ತರ ನಡೆಯುವುದೇ ಇಲ್ಲ. ಪರದೆ ಕಾಣದವರು ಸೆಟ್ಟಿಂಗ್ಸ್ ಹುಡುಕುವುದು ಹೇಗೆ? ಒರ್ಕಾ ಎಂಬ ಪರದೆ ಓದುಗ ಇನ್‌ಸ್ಟಾಲರಿನಲ್ಲೇ ಇರಬೇಕು, ಒಂದು ಕೀಲಿ ಜೋಡಣೆಗೆ ಏಳಬೇಕು. ಗ್ನೋಮ್‌ನಲ್ಲಿ ಸೂಪರ್ (ವಿಂಡೋಸ್ ಗುರುತಿನ ಕೀಲಿ), ಆಲ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಏಳುತ್ತದೆ. ಡೆಬಿಯನ್ ಬೂಟ್ ಮೆನುವಿನಲ್ಲಿ ಎಸ್ ಒತ್ತಿ ಎಂಟರ್ ಕೊಟ್ಟರೆ ಮಾತಾಡುವ ಇನ್‌ಸ್ಟಾಲರ್ ಬರುತ್ತದೆ. ಜಾಗ ಉಳಿಸಲು ಯಾವುದನ್ನು ತೆಗೆಯೋಣ ಎಂಬ ಚರ್ಚೆ ಬಂದಾಗ ಇವುಗಳ ಮೇಲೆ ಕೈ ಹಾಕಬೇಡಿ. ಆಟಗಳನ್ನು ತೆಗೆಯಿರಿ.

## ವಿಂಡೋಸ್ ಜೊತೆ ಹಾಕಿದರೆ ಗಡಿಯಾರ ತಪ್ಪುತ್ತದೆ. ಯಾಕೆ?

ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ) ಸಮಯ ಇಡುತ್ತದೆ. ವಿಂಡೋಸ್ ಸ್ಥಳೀಯ ಸಮಯ ಇಡುತ್ತದೆ. ಇಬ್ಬರೂ ಒಂದೇ ಗಡಿಯಾರ ತಿರುಗಿಸಿದರೆ ಹೀಗೇ. ಪಕ್ಕದಲ್ಲಿ ವಿಂಡೋಸ್ ಕಂಡರೆ ಲಿನಕ್ಸೇ ಸ್ಥಳೀಯ ಸಮಯಕ್ಕೆ ಹೊಂದಿಕೊಳ್ಳಲಿ. ಯುಟಿಸಿಯೇ ಸರಿಯಾದ ಕ್ರಮ, ಗೊತ್ತು. ಆದರೆ ಎರಡರಲ್ಲಿ ನಾವು ತಿದ್ದಬಹುದಾದದ್ದು ಒಂದೇ.

## ಡೀಫಾಲ್ಟ್‌ಗಳನ್ನು ಎಲ್ಲಿ ಬರೆದಿಡಬೇಕು?

ತುಂಬಾ ಜನ ಮಾಡುವ ತಪ್ಪು: ಒಂದು ಖಾತೆಯಲ್ಲಿ ಎಲ್ಲವನ್ನೂ ಚೆಂದ ಮಾಡಿ, ಆ ಕಾನ್ಫಿಗ್ ಫೈಲುಗಳನ್ನೆಲ್ಲ ಸಿಸ್ಟಂ ಸೆಟ್ಟಿಂಗ್‌ಗಳಿರುವ ಇಟಿಸಿ ಫೋಲ್ಡರ್ ಒಳಗಿನ ಸ್ಕೆಲ್ ಫೋಲ್ಡರಿಗೆ (/etc/skel) ಸುರಿಯುವುದು. ಹೊಸ ಖಾತೆ ತೆರೆದಾಗ ಅವು ಆ ಖಾತೆಗೆ ನಕಲಾಗುತ್ತವೆ. ನಕಲಾದ ಗಳಿಗೆಯಿಂದ ಅವು ಬಳಸುವವರ ಸ್ವಂತ ಸೆಟ್ಟಿಂಗ್ ಆಗಿಬಿಡುತ್ತವೆ. ಮುಂದಿನ ವರ್ಷ ನೀವು ತಪ್ಪು ತಿದ್ದಿದರೂ ಅವರಿಗೆ ತಲುಪುವುದಿಲ್ಲ. ಅವರು ‘ಮೊದಲಿನಂತೆ ಮಾಡು’ ಒತ್ತಿದರೆ ನಿಮ್ಮ ಡೀಫಾಲ್ಟ್ ಬರುವುದಿಲ್ಲ, ಮೂಲ ಡೆಸ್ಕ್‌ಟಾಪಿನದ್ದು ಬರುತ್ತದೆ.

ಸರಿಯಾದ ಜಾಗ ಅದರ ಕೆಳಗಿನ ಪದರ, ಅಂದರೆ ಇಡೀ ಸಿಸ್ಟಂಗೆ ಸೇರಿದ ಸೆಟ್ಟಿಂಗ್. ಗ್ನೋಮ್ ಬಳಗದಲ್ಲಿ ಜಿಸೆಟ್ಟಿಂಗ್ಸ್ ಸ್ಕೀಮಾದ ಓವರ್‌ರೈಡ್ ಫೈಲು ಅಥವಾ ಡಿಕಾನ್ಫ್‌ನ ಸಿಸ್ಟಂ ಡೇಟಾಬೇಸ್. ಕೆಡಿಇಯಲ್ಲಿ ಇಟಿಸಿ ಒಳಗಿನ ಎಕ್ಸ್‌ಡಿಜಿ ಫೋಲ್ಡರ್. ಬಳಸುವವರು ಮುಟ್ಟದ್ದು ಕೆಳಗಿನ ಪದರದಿಂದ ಬರುತ್ತದೆ, ಮುಟ್ಟಿದ್ದು ಅವರದೇ ಉಳಿಯುತ್ತದೆ. ಡಿಕಾನ್ಫ್‌ನಲ್ಲಿ ಯಾರೂ ಬದಲಿಸದಂತೆ ಬೀಗ ಹಾಕುವ ಸೌಲಭ್ಯವೂ ಇದೆ. ಸಾರ್ವಜನಿಕ ಕಂಪ್ಯೂಟರಿಗೆ ಸರಿ, ಒಬ್ಬರ ಸ್ವಂತ ಲ್ಯಾಪ್‌ಟಾಪಿಗೆ ಬೇಡ.

## ಡೀಫಾಲ್ಟ್ ಬದಲಿಸಿದರೆ ಹಳೆಯ ಬಳಕೆದಾರರಿಗೂ ಬದಲಾಗಬೇಕಾ?

ಇಲ್ಲೊಂದು ಸೂಕ್ಷ್ಮ ಇದೆ. ಡೀಫಾಲ್ಟ್ ಇಷ್ಟವಾಗಿ ಹಾಗೇ ಬಿಟ್ಟವರು ಏನನ್ನೂ ಆರಿಸಿಲ್ಲ ಎಂದೇ ಕಂಪ್ಯೂಟರ್ ತಿಳಿಯುತ್ತದೆ. ಅವರ ಇಷ್ಟ ಎಲ್ಲೂ ದಾಖಲಾಗಿರುವುದಿಲ್ಲ. ಕೆಳಗಿನ ಪದರ ಬದಲಿಸಿದ ಕೂಡಲೇ ಅವರ ಡೆಸ್ಕ್‌ಟಾಪ್ ಕೂಡ ಬದಲಾಗುತ್ತದೆ. ನಾನಿದ್ದ ಒಂದು ಸಣ್ಣ ತಂಡ ಹೀಗೇ ಪ್ಯಾನೆಲನ್ನು ಕೆಳಗಿನಿಂದ ಮೇಲಕ್ಕೆ ಸರಿಸಿತ್ತು. ನಮಗೆ ಅದು ಒಂದು ಸಾಲಿನ ಬದಲಾವಣೆ. ನಾಲ್ಕು ವರ್ಷದಿಂದ ಬಳಸುತ್ತಿದ್ದವರೊಬ್ಬರು ವೈರಸ್ ಬಂದಿದೆ ಎಂದು ಕಂಪ್ಯೂಟರ್ ಆಫ್ ಮಾಡಿ ಇಟ್ಟಿದ್ದರು. ಅವತ್ತಿನಿಂದ ನನ್ನ ನಿಯಮ: ಕಣ್ಣಿಗೆ ಕಾಣುವುದನ್ನು, ಕೈಗೆ ರೂಢಿಯಾದದ್ದನ್ನು ಹೊಸ ಇನ್‌ಸ್ಟಾಲ್‌ಗೆ ಮಾತ್ರ ಬದಲಿಸುವುದು. ಅಪ್‌ಗ್ರೇಡ್ ಮಾಡುವಾಗ ಹಳೆಯ ಸೆಟ್ಟಿಂಗನ್ನು ಅವರ ಖಾತೆಗೆ ಬರೆದುಬಿಡುವುದು. ಭದ್ರತೆಯದ್ದಾದರೆ ಎಲ್ಲರಿಗೂ ಬದಲಿಸಿ.

## ನಮ್ಮ ಆಯ್ಕೆ ಸರಿಯಿದೆ ಎಂದು ತಿಳಿಯುವುದು ಹೇಗೆ?

ಒಬ್ಬರನ್ನು ಕೂರಿಸಿ, ಹಿಂದೆ ನಿಂತು ನೋಡಿ. ಬಾಯಿ ಬಿಡಬೇಡಿ. ವೈಫೈ ಸೇರಿಸಿ, ಪೆನ್‌ಡ್ರೈವಿನ ಫೋಟೋ ನಕಲು ಮಾಡಿ, ಒಂದು ಪತ್ರ ಬರೆದು ಪ್ರಿಂಟ್ ಕೊಡಿ ಎನ್ನಿ. ಬಾಯಿ ಮುಚ್ಚಿಕೊಂಡಿರುವುದೇ ಇದರಲ್ಲಿ ಕಷ್ಟದ ಭಾಗ. ಎರಡನೇ ನಿಮಿಷಕ್ಕೇ ‘ಅಲ್ಲಲ್ಲ, ಮೇಲೆ ಒತ್ತಿ’ ಎನ್ನಲು ನಾಲಿಗೆ ತುರಿಸುತ್ತದೆ. ಹಾಗೆ ಹೇಳಬೇಕೆನಿಸಿದ ಜಾಗವನ್ನೇ ಬರೆದುಕೊಳ್ಳಿ. ತಿದ್ದಬೇಕಾದ ಡೀಫಾಲ್ಟ್ ಅಲ್ಲೇ ಇದೆ. ನಾಲ್ಕೈದು ಜನರನ್ನು ನೋಡುವಷ್ಟರಲ್ಲಿ ಅವೇ ಜಾಗಗಳು ಮತ್ತೆ ಮತ್ತೆ ಬರತೊಡಗುತ್ತವೆ.

## ಡಾರ್ಕ್ ಥೀಮೋ ಲೈಟೋ?

ಲೈಟ್. ಮೊದಲ ಪರದೆಯಲ್ಲೇ ಬದಲಿಸುವ ಬಟನ್ ಇಡಿ.

## ವಾಲ್‌ಪೇಪರ್ ಬಗ್ಗೆ ಏನೂ ಹೇಳಲೇ ಇಲ್ಲವಲ್ಲ?

ಹೊಸಬರು ಯಾರ ಸಹಾಯವೂ ಇಲ್ಲದೆ ಮೊದಲ ದಿನವೇ ಬದಲಿಸುವ ಡೀಫಾಲ್ಟ್ ಅದೊಂದೇ. ತಂಡಗಳು ಜಾಸ್ತಿ ಹೊತ್ತು ಗುದ್ದಾಡುವುದೂ ಅದರ ಮೇಲೆಯೇ. ಐಕಾನ್ ಕೆಳಗಿನ ಅಕ್ಷರ ಓದಲು ಬರುವಂಥ ಯಾವುದಾದರೂ ಚಿತ್ರ ಹಾಕಿ, ಮುಂದಿನ ಕೆಲಸ ನೋಡಿ.